ಮನೆಯೊಳಗಿನ ಜೇಡಗಳ ಗುರುತು ನಿಮಗಿದೆಯೇ?

ಘಟಸ್ಥಾಪನೆ ಹತ್ತಿರ ಬಂತೆಂದರೆ ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆಯ ಮನೆಗಳಲ್ಲಿ ಎಂಥ ಗದ್ದಲವೆಂದು ನಿಮಗೆ ಹೇಳಬೇಕಾಗಿಲ್ಲ. ಕೌದಿ, ಚಾದರಗಳೆಲ್ಲ ಒಗೆಯುವುದಕ್ಕೆ ಹೊರಗೆ ಬರುತ್ತವೆ. ಡಬ್ಬಿ, ಭಾಂಡೆಗಳು ಅಂಗಳದಲ್ಲಿ ಸಾಲಾಗಿ ಕೂಡುತ್ತವೆ. ಆಮೇಲೆ ಉದ್ದನೆಯ ಗಳಕ್ಕೆ ಕಸಬರಿಗೆ ಕಟ್ಟಿ, ತಲೆಗೆ ಸೆರಗು ಸುತ್ತಿಕೊಂಡು ಮಾಳಿಗೆಯ ಜಂತಿಗಳತ್ತ ನಮ್ಮ ದಂಡಯಾತ್ರೆ. ಆಗ ಮೊದಲು ಓಡಿ ಹೋಗುವುದು ಯಾರು? ಜೇಡ! ಹಿಂದೆಯೇ ಮಕ್ಕಳ ಕೂಗು, "ಯವ್ವಾ, ಹೊಡಿ ಹೊಡಿ, ವಿಷ ಐತಿ ಅದಕ್ಕ!"

ಎಲ್ಲ ಜೇಡವೂ ನಾವು ಹೆದರುವಷ್ಟು ವಿಷದ್ದೇ? ಯಾವುದನ್ನು ಹೊರಗೆ ಕಳಿಸಬೇಕು, ಯಾವುದನ್ನು ಇರಲಿ ಎಂದು ಬಿಡಬಹುದು? ಎಲ್ಲಕ್ಕಿಂತ ಮುಖ್ಯವಾಗಿ, ಮೈಮೇಲೆ ಗುಳ್ಳೆ ಎದ್ದಾಗಲೆಲ್ಲ "ಜೇಡ ಹರಿದಾಡಿದೆ" ಎನ್ನುತ್ತೇವಲ್ಲ, ಅದು ನಿಜವೇ? ಈ ಕಡೆಯ ಪ್ರಶ್ನೆಯಲ್ಲಿ ಒಬ್ಬರ ಕಣ್ಣಿನ ಮಾತೂ ಅಡಗಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಜೇಡಗಳ ಗುರುತು ಮಾಡಿಕೊಳ್ಳೋಣ.

ಜೇಡ ಎಂದರೆ ಯಾರು?

ಜೇಡವನ್ನು ನಾವು ಹುಳ ಎಂದೇ ಕರೆದರೂ ಅದು ಇರುವೆ, ನೊಣ, ಜಿರಳೆಗಳ ಜಾತಿಯದಲ್ಲ. ಅವಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಅವುಗಳ ಮೈ ಮೂರು ಭಾಗ, ಜೇಡನದು ಎರಡೇ ಭಾಗ. ರೆಕ್ಕೆಯಿಲ್ಲ, ಮೀಸೆಯಿಲ್ಲ. ಚೇಳು ಮತ್ತು ಉಣ್ಣೆ ಇದರ ದೂರದ ನೆಂಟರು. ಹಿಂಭಾಗದ ಪುಟ್ಟ ತೊಟ್ಟುಗಳಿಂದ ನೂಲು ತೆಗೆಯುವುದು ಇದರ ಕಸುಬು. ನಮ್ಮ ಹಾಗೆ ಅಗಿದು ತಿನ್ನುವುದು ಇದಕ್ಕೆ ಬರುವುದಿಲ್ಲ. ಬೇಟೆಗೆ ವಿಷ ಚುಚ್ಚಿ, ಒಳಗಿನದನ್ನು ತಿಳಿ ಮಾಡಿ, ಸಾರು ಕುಡಿದ ಹಾಗೆ ಹೀರಿಕೊಳ್ಳುತ್ತದೆ. ಅಂದರೆ ವಿಷ ಬಹುಪಾಲು ಎಲ್ಲ ಜೇಡಗಳಲ್ಲೂ ಉಂಟು. ಆದರೆ ಅದು ನೊಣ, ಸೊಳ್ಳೆಯ ಅಳತೆಗೆ ಮಾಡಿದ ವಿಷ. ಮನೆಯೊಳಗಿನ ಹೆಚ್ಚಿನ ಜೇಡಗಳ ಹಲ್ಲು ನಮ್ಮ ಚರ್ಮದೊಳಗೆ ಸರಿಯಾಗಿ ಇಳಿಯುವುದೂ ಇಲ್ಲ.

ಲೋಕದಲ್ಲಿ ಹೆಸರಿಟ್ಟ ಜೇಡಗಳ ಲೆಕ್ಕ 2022ರಲ್ಲೇ 50 ಸಾವಿರ ದಾಟಿತು. ನಮ್ಮ ದೇಶದ ಜೇಡಗಳನ್ನು ಹುಡುಕಿ ಗುರುತು ಬರೆದವರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಬಿ. ಕೆ. ಟಿಕಾದರ್ ಅವರ ಹೆಸರು ದೊಡ್ಡದು. ಅವರ ಭಾರತದ ಜೇಡಗಳ ಕೈಪಿಡಿ 1987ರಲ್ಲಿ ಬಂತು. ನಾನು ಹೈಸ್ಕೂಲು ಕಲಿತ ಗೃಹಿಣಿ. ಅಷ್ಟೆಲ್ಲ ಹೆಸರು ನಮಗೇಕೆ? ಮನೆಯೊಳಗೆ ದಿನಾ ಕಾಣುವ ನಾಲ್ಕು, ಅಂಗಳ-ಬೇಲಿಯಲ್ಲಿ ಕಾಣುವ ನಾಲ್ಕು ತಿಳಿದರೆ ಸಾಕಲ್ಲವೇ?

ಮನೆಯೊಳಗಿನ ನಾಲ್ವರು

1. ಕಡ್ಡಿಕಾಲಿನ ಜೇಡ: ಜಂತಿಯ ಸಂದು, ಬಚ್ಚಲಿನ ಮೂಲೆ, ಕಪಾಟಿನ ಹಿಂದೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಮೈ ಜೋಳದ ಕಾಳಿನಷ್ಟು, ಕಾಲು ಮಾತ್ರ ಕೂದಲಿನಂತೆ ಉದ್ದ. ಬಲೆಗೆ ಅಂದಚಂದವಿಲ್ಲ, ಸಿಕ್ಕುಸಿಕ್ಕಾದ ನೂಲು. ನೀವು ಮುಟ್ಟಹೋದರೆ ಬಲೆಯ ಸಮೇತ ಗಡಗಡ ನಡುಗುತ್ತದೆ. ಅದು ಚಳಿಯಲ್ಲ, ನಮ್ಮ ಕಣ್ಣು ತಪ್ಪಿಸುವ ಉಪಾಯ. ಹೆಣ್ಣುಜೇಡ ಮೊಟ್ಟೆಗಳನ್ನು ನಾಲ್ಕಾರು ಎಳೆ ನೂಲಿನಲ್ಲಿ ಸುತ್ತಿ ಬಾಯಲ್ಲಿ ಕಚ್ಚಿಕೊಂಡೇ ಇರುತ್ತದೆ. ಮೂಲೆಯಲ್ಲಿ ಕೂತು ಸೊಳ್ಳೆ ಹಿಡಿಯುವುದು ಇದರ ದಿನದ ಕೆಲಸ. ಮನುಷ್ಯರಿಗೆ ಇದರಿಂದ ಏನೂ ತೊಂದರೆಯಿಲ್ಲ.

2. ಜಿಗಿಜೇಡ: ಹಗಲು ಹೊತ್ತು ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ ಪುಟಪುಟನೆ ಓಡಿ, ನಿಂತು, ತಿರುಗಿ ನಮ್ಮನ್ನೇ ನೋಡುತ್ತದಲ್ಲ, ಅದೇ. ಗಿಡ್ಡ ಕಾಲು, ಮೈತುಂಬ ನವಿರು, ಬೂದು ಅಥವಾ ಕಂದು ಬಣ್ಣದ ಮೇಲೆ ಬಿಳಿ ಪಟ್ಟೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ದೀಪದ ಹಾಗೆ ದೊಡ್ಡವು. ಬಲೆ ಕಟ್ಟಿ ಕಾಯುವ ತಾಳ್ಮೆ ಇದಕ್ಕಿಲ್ಲ. ಬೆಕ್ಕಿನಂತೆ ಹೊಂಚು ಹಾಕಿ ನೊಣದ ಮೇಲೆ ಎಗರುತ್ತದೆ. ಎಗರುವ ಮುಂಚೆ ಗೋಡೆಗೆ ಒಂದು ನೂಲು ಅಂಟಿಸಿಕೊಳ್ಳುವುದನ್ನು ಮರೆಯುವುದಿಲ್ಲ, ಗುರಿ ತಪ್ಪಿದರೆ ಅದೇ ನೂಲು ಹಿಡಿದು ಮೇಲೆ ಬರುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜೇಡ ಇನ್ನೊಂದಿಲ್ಲ.

3. ಗೋಡೆಗೆ ಒರಗಿದ ದೊಡ್ಡ ಜೇಡ: ರಾತ್ರಿ ಅಡುಗೆಮನೆಯ ದೀಪ ಹಾಕಿದಾಗ ಅಂಗೈಯಷ್ಟು ಅಗಲ ಕಾಲು ಚಾಚಿ ಗೋಡೆಗೆ ಅಂಟಿಕೊಂಡಿರುವುದನ್ನು ನೋಡಿ ಕಿರುಚದವರು ಯಾರಿದ್ದಾರೆ ಹೇಳಿ? ಮೈ ಚಪ್ಪಟೆ, ಬಣ್ಣ ಕಂದು, ಮುಖದ ಮೇಲೆ ಬಿಳಿ ಮೀಸೆಯಂಥ ಒಂದು ಗೆರೆ. ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಬಲೆ ಕಟ್ಟುವುದಿಲ್ಲ. ಇದರ ಮುಖ್ಯ ಊಟ ಏನು ಗೊತ್ತೇ? ಜಿರಳೆ! ಕೆಲವೊಮ್ಮೆ ಹೊಟ್ಟೆಯ ಕೆಳಗೆ ಬಿಳಿಯ ಚಪ್ಪಟೆ ಬಿಲ್ಲೆಯೊಂದನ್ನು ಹೊತ್ತು ತಿರುಗುತ್ತದೆ. ನಮ್ಮಲ್ಲಿ ಅನೇಕರು ಅದನ್ನು ವಿಷದ ಚೀಲ ಎಂದುಕೊಂಡಿದ್ದಾರೆ. ಅದು ಮೊಟ್ಟೆಯ ಚೀಲ, ಬಸುರಿ ಅದು ಪಾಪ. ಕೈಯಲ್ಲಿ ಅದುಮಿದರೆ ಕಚ್ಚೀತು, ಉರಿದೀತು. ಜೀವಕ್ಕೆ ಅಪಾಯವಿಲ್ಲ. ಹಡಗಿನ ಸಾಮಾನುಗಳ ಜೊತೆ ಪ್ರಯಾಣ ಮಾಡಿ ಬೆಚ್ಚಗಿನ ದೇಶಗಳಿಗೆಲ್ಲ ಹರಡಿದ ಜೇಡವಿದು. ವಿಜ್ಞಾನಿಗಳು ಇದಕ್ಕೆ ಹೆಟೆರೊಪೋಡಾ ವೆನಟೋರಿಯಾ ಎನ್ನುತ್ತಾರೆ.

4. ಚುಕ್ಕಿಜೇಡ: ಸುಣ್ಣದ ಗೋಡೆಯ ಮೇಲೆ ನಾಲ್ಕಾಣೆಗಿಂತ ಚಿಕ್ಕದಾದ ಬಿಳಿ ಬಿಲ್ಲೆ ಅಂಟಿಸಿದ ಹಾಗೆ, ಅಂಚಿನಿಂದ ನಕ್ಷತ್ರದಂತೆ ಎಳೆಗಳು ಚಾಚಿರುತ್ತವೆ. ಹೊಡೆದಷ್ಟೂ ಮತ್ತೆ ಹುಟ್ಟುವುದು ಇವೇ. ಒಳಗಿನ ಜೇಡ ಸಾಸಿವೆ ಕಾಳಿನಷ್ಟೇ. ಹಾದುಹೋಗುವ ಇರುವೆಯ ಸುತ್ತ ಗಿರಗಿರನೆ ಸುತ್ತಿ ನೂಲಿನಲ್ಲಿ ಕಟ್ಟಿಹಾಕುತ್ತದೆ. ಒಮ್ಮೆ ಐದು ನಿಮಿಷ ನಿಂತು ನೋಡಿ, ಕೆಲಸದ ದಣಿವು ಮರೆಯುತ್ತದೆ.

ಅಂಗಳ, ಬೇಲಿ, ಹೊಲದವು

ತುಳಸಿಕಟ್ಟೆಯ ಪಕ್ಕದ ನಿಂಬೆ ಗಿಡದಲ್ಲಿ ದುಂಡನೆಯ ಬಲೆ, ಅದರ ನಡುವೆ ದಪ್ಪ ಬಿಳಿ ನೂಲಿನಲ್ಲಿ ಅಂಕುಡೊಂಕಾಗಿ ಕತ್ತರಿ ಗುರುತು ಬರೆದಂತೆ ಇದೆಯೇ? ಅದು ರುಜುಜೇಡ. ಹಳದಿ-ಕಂದು ಪಟ್ಟೆಯ ಹೊಟ್ಟೆ, ಎರಡೆರಡು ಕಾಲು ಜೋಡಿಸಿ ಕೂರುವ ಠೀವಿ. ನಡುವೆ ಕೂತವಳು ಹೆಣ್ಣು, ಅಂಚಿನಲ್ಲಿ ಅಳುಕುತ್ತ ನಿಂತ ಚಿಕ್ಕವನು ಗಂಡು.

ಬೇವು, ಮಾವಿನ ಮರದ ತೊಗಟೆಗೆ ಅಂಟಿಕೊಂಡು, ತೊಗಟೆಯದೇ ಬಣ್ಣ ತಾಳಿ, ಹಿಂದೆ ಎರಡು ಬಾಲ ಚಾಚಿದ್ದರೆ ಅದು ಜೋಡಿಬಾಲದ ಜೇಡ. ಬಾಲ ಎಂದು ನಾವು ಅಂದುಕೊಳ್ಳುವುದು ನೂಲು ಬರುವ ಕೊಳವೆ.

ತೊಗರಿ, ಉದ್ದಿನ ಹೊಲದಲ್ಲಿ ನೆಲದ ಮೇಲೆ ಓಡಾಡುವುದು ತೋಳಜೇಡ. ತಾಯಿ ಮೊಟ್ಟೆಯ ಉಂಡೆಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುತ್ತದೆ. ಮರಿ ಹೊರಬಂದ ಮೇಲೆ ಹತ್ತಾರು ಕೂಸುಗಳನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತದೆ. ರಾತ್ರಿ ಅಂಗಳದಲ್ಲಿ ಬ್ಯಾಟರಿಯನ್ನು ಹಣೆಯ ಹತ್ತಿರ ಹಿಡಿದು ದೂರದ ನೆಲದ ಮೇಲೆ ಬೆಳಕು ಬಿಡಿ. ಹುಲ್ಲಿನ ನಡುವೆ ಹಸಿರು ಹರಳಿನಂತೆ ಮಿನುಗುವುದೆಲ್ಲ ಇವುಗಳ ಕಣ್ಣು.

ಇನ್ನು ನಮ್ಮ ಬಯಲುಸೀಮೆಯ ವಿಶೇಷ ಜೇಡವೊಂದಿದೆ. ಊರಾಚೆ ಜಾಲಿಗಿಡ, ಮುಳ್ಳುಬೇಲಿಯ ಮೇಲೆ ಹಳೆಯ ಬೂದು ಬಟ್ಟೆ ಸುತ್ತಿ ಎಸೆದ ಹಾಗೆ ಗಂಟುಗಂಟಾಗಿ ಕಾಣುವುದನ್ನು ನೀವು ನೋಡಿರಬಹುದು. ಅದು ಒಟ್ಟಾಗಿ ಬಾಳುವ ಜೇಡಗಳ ಮನೆ. ಸಾಮಾನ್ಯವಾಗಿ ಜೇಡ ಎಂದರೆ ಒಂಟಿ ಬಾಳು, ಹತ್ತಿರ ಬಂದ ಜೇಡವನ್ನೂ ಬಿಡದೆ ತಿನ್ನುವ ಸ್ವಭಾವ. ಇವು ಮಾತ್ರ ನೂರಾರು ಸೇರಿ ಒಂದೇ ಮನೆ ಕಟ್ಟಿ, ಒಟ್ಟಿಗೆ ಬೇಟೆಯಾಡಿ, ಒಟ್ಟಿಗೆ ಉಣ್ಣುತ್ತವೆ. ನಮ್ಮ ಹಳೆಯ ಕೂಡುಕುಟುಂಬವೇ ಅನ್ನಿ! ಮರಿಗಳು ಚಿಕ್ಕವಿದ್ದಾಗ ತಾಯಿ ತನ್ನ ಹೊಟ್ಟೆಯಲ್ಲಿದ್ದುದನ್ನು ಬಾಯಿಂದ ಬಾಯಿಗೆ ಉಣಿಸುತ್ತದೆ. ಕಡೆಗೆ ತನ್ನ ಮೈಯನ್ನೇ ಮರಿಗಳಿಗೆ ಆಹಾರವಾಗಿ ಕೊಟ್ಟು ಸಾಯುತ್ತದೆ. ಇದನ್ನು ಓದಿ ತಿಳಿದ ದಿನದಿಂದ ಆ ಬೂದು ಗಂಟುಗಳನ್ನು ನೋಡಿದರೆ ನನಗೆ ಅಸಹ್ಯವಾಗುವುದಿಲ್ಲ.

ಹೆಸರಿನಲ್ಲೇ ನೇಕಾರ

ಜೇಡ ಎಂಬ ಮಾತಿಗೆ ನೇಕಾರ ಎಂಬ ಅರ್ಥವೂ ಉಂಟು. ನೇಯ್ಗೆಯವರಾದ್ದರಿಂದಲೇ ವಚನಕಾರ ದಾಸಿಮಯ್ಯನವರು ಜೇಡರ ದಾಸಿಮಯ್ಯ ಆದರು. ಅವರು ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವರು, ಬಸವಣ್ಣನವರಿಗಿಂತ ಮುಂಚಿನವರು. ಕಾಯಕವೇ ಕೈಲಾಸವೆಂದ ಶರಣರ ಕಲ್ಯಾಣದಲ್ಲಿ ಕೂತು ನಾವು ಈ ನೇಕಾರ ಹುಳವನ್ನು ಹೀಗೆ ತುಚ್ಛವಾಗಿ ಕಾಣುವುದು ಸರಿಯೇ? ಆಂಧ್ರದ ಶ್ರೀಕಾಳಹಸ್ತಿಯ ಹೆಸರಿನಲ್ಲಿ ಮೊದಲು ಬರುವ 'ಶ್ರೀ' ಕೂಡ ಶಿವನನ್ನು ಪೂಜಿಸಿದ ಜೇಡವೇ, ಆಮೇಲೆ ಹಾವು, ಆನೆ. ನಮ್ಮ ಮುಸ್ಲಿಂ ನೆರೆಹೊರೆಯವರಲ್ಲಿ ಅನೇಕರು ಜೇಡವನ್ನು ಕೊಲ್ಲುವುದಿಲ್ಲ. ಪೈಗಂಬರರು ಗುಹೆಯಲ್ಲಿ ಅಡಗಿದ್ದಾಗ ಜೇಡ ಗುಹೆಯ ಬಾಯಿಗೆ ಬಲೆ ನೇಯ್ದು ಕಾಪಾಡಿತೆಂಬ ಕಥೆ ಅವರಲ್ಲಿದೆ.

ಭಾಷೆಯ ಒಂದು ತಮಾಷೆಯನ್ನೂ ಕೇಳಿ. ನಮ್ಮ ಗಡಿಯಾಚೆ ಮರಾಠಿಯಲ್ಲಿ ಜೇಡಕ್ಕೆ 'ಕೋಳಿ' ಎನ್ನುತ್ತಾರೆ. ಉಮರ್ಗಾ ಕಡೆಯಿಂದ ಸೊಸೆ ತಂದ ಮನೆಯಲ್ಲಿ ಅವಳು "ದೇವರ ಕೋಣೆಯಲ್ಲಿ ಕೋಳಿ ಐತಿ ಅತ್ತಿ" ಎಂದರೆ ಅತ್ತೆಯ ಎದೆ ಧಸಕ್ ಎನ್ನದೆ ಇದ್ದೀತೆ?

'ಜೇಡ ಹರಿದಾಡಿದೆ' ಎನ್ನುವ ಮೊದಲು

ಈಗ ಮುಖ್ಯ ಮಾತಿಗೆ ಬರೋಣ. ಬೆಳಿಗ್ಗೆ ಎದ್ದಾಗ ಕತ್ತು, ಕೆನ್ನೆ, ತೋಳಿನ ಮೇಲೆ ಕೆಂಪಾಗಿ ಉರಿಯುವ ಗುಳ್ಳೆ ಕಂಡರೆ ನಮ್ಮಲ್ಲಿ ಒಂದೇ ತೀರ್ಮಾನ: ರಾತ್ರಿ ಜೇಡ ಹರಿದಾಡಿದೆ, ಇಲ್ಲವೆ ಉಚ್ಚೆ ಹೊಯ್ದಿದೆ. ಜೇಡ ಮೈಮೇಲೆ ನಡೆದರೆ ಇಂಥ ಗುಳ್ಳೆ ಏಳುವುದಿಲ್ಲ. ಹಾಗಾದರೆ ಗುಳ್ಳೆ ಎಲ್ಲಿಂದ ಬಂತು? ಹೆಚ್ಚಾಗಿ ಎರಡು ಕಾರಣಗಳಿಂದ.

ಮೊದಲನೆಯದು ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಚಿಕ್ಕ ಹುಳು. ಉದ್ದನೆಯ ಇರುವೆಯಂತೆ ಕಾಣುತ್ತದೆ, ಒಂದು ಸೆಂಟಿಮೀಟರಿಗೂ ಕಡಿಮೆ, ಕಿತ್ತಳೆ ಮತ್ತು ಕಪ್ಪು ಪಟ್ಟೆ. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ನಾವು ಅದನ್ನು ಚಪ್ಪರಿಸಿ ಒರೆಸುತ್ತೇವೆ ನೋಡಿ, ಆಗ ಅದರ ಮೈಯ ರಸ ಚರ್ಮವನ್ನು ಸುಡುತ್ತದೆ. ಸುಟ್ಟ ಗುರುತು ಕಾಣುವುದು ಸುಮಾರು ಒಂದು ದಿನದ ಮೇಲೆ. ಅಷ್ಟರಲ್ಲಿ ಹುಳು ಎಲ್ಲೋ, ಮೂಲೆಯಲ್ಲಿ ಕಣ್ಣಿಗೆ ಬಿದ್ದ ಜೇಡವೇ ಅಪರಾಧಿ! ಗುಳ್ಳೆ ಗೆರೆ ಎಳೆದ ಹಾಗಿದ್ದರೆ, ಮೊಣಕೈ ಮಡಿಚುವ ಕಡೆ ಎರಡೂ ಪಕ್ಕ ಅಚ್ಚೊತ್ತಿದಂತಿದ್ದರೆ ಅದು ಬಹುತೇಕ ಈ ಹುಳುವಿನ ಕೆಲಸ. ಇಂಥ ಹುಳು ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ. ರಸ ತಾಗಿದ್ದರೆ ಕೂಡಲೇ ಸಾಬೂನು ಹಚ್ಚಿ ತೊಳೆಯಿರಿ. ಆ ಕೈಯಿಂದ ಕಣ್ಣು ಉಜ್ಜಬಾರದು.

ಎರಡನೆಯದು ಸರ್ಪಸುತ್ತು. ಚಿಕ್ಕಂದಿನಲ್ಲಿ ಅಮ್ಮ ಎದ್ದವರ, ಎಂದರೆ ಸಿತಾಳೆ ಸಿಡುಬು ಬಂದುಹೋದವರ ನರಗಳಲ್ಲಿ ಆ ರೋಗದ ವಿಷಾಣು ಸುಮ್ಮನೆ ಮಲಗಿರುತ್ತದೆ. ವಯಸ್ಸಾದಾಗ, ಮೈಯ ಶಕ್ತಿ ಕುಂದಿದಾಗ ಅದು ಎಚ್ಚರಾಗುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು ಶುರುವಾಗುತ್ತದೆ. ಆಮೇಲೆ ಮೈಯ ಒಂದೇ ಪಕ್ಕದಲ್ಲಿ, ಪಟ್ಟಿ ಕಟ್ಟಿದ ಹಾಗೆ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಇದಕ್ಕೆ ಜೇಡವೂ ಕಾರಣವಲ್ಲ, ಸರ್ಪದ ಶಾಪವೂ ಅಲ್ಲ. ಸುತ್ತು ಕೂಡಿದರೆ ಜೀವ ಹೋಗುತ್ತದೆ ಎನ್ನುವುದೂ ಸುಳ್ಳು.

ನಮ್ಮ ಓಣಿಯ ಕಾಕಿಯೊಬ್ಬರಿಗೆ ಅರವತ್ತು ದಾಟಿತ್ತು. ಒಂದು ದಿನ ಬಲಗಡೆ ಹಣೆಯಲ್ಲಿ ಉರಿ ಎಂದರು. ಮೂರನೆಯ ದಿನ ಹಣೆಯಿಂದ ಮೂಗಿನ ತುದಿಯವರೆಗೆ ಗುಳ್ಳೆಗಳು. ಮನೆಯಲ್ಲಿ ಎಲ್ಲರೂ ಜೇಡ ಹರಿದಾಡಿದೆ ಎಂದೇ ನಿಶ್ಚಯ ಮಾಡಿದರು. ಕೆಮ್ಮಣ್ಣು ಅರೆದು ಹಚ್ಚಿದರು, ಸೊಪ್ಪಿನ ರಸ ಹಿಂಡಿದರು, ಮಂತ್ರ ಹಾಕಿಸಿದರು. ನೋಡಹೋದ ನಾನು ಅವರ ಸೊಸೆಗೆ, "ವೈನಿ, ಕಣ್ಣು ಕೆಂಪಾಗ್ಯದ, ಡಾಕ್ಟರಿಗೆ ತೋರಸ್ರಿ" ಎಂದೆ. "ಐದು ದಿನ ಹಚ್ಚಬೇಕಂತ, ಇನ್ನ ಎರಡು ದಿನ ಉಳದಾವ್ರಿ" ಎಂದಳು ಪಾಪ. ಆ ಎರಡು ದಿನ ಬಹಳ ದುಬಾರಿಯಾದವು. ಕಡೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ರೋಗ ಕಣ್ಣಿನ ಕರಿಗುಡ್ಡೆಗೆ ಇಳಿದಿತ್ತು. ಜೀವಕ್ಕೇನೂ ಆಗಲಿಲ್ಲ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ಓಣಿಯವರ ಸೀರೆಗೆ ಫಾಲ್ ಹಚ್ಚಿಕೊಡುತ್ತ ಇದ್ದ ಕಾಕಿಗೆ ಈಗ ಬಲಗಣ್ಣಿಗೆ ಮಬ್ಬು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಗುಳ್ಳೆ ಒಣಗಿ ತಿಂಗಳುಗಳಾದರೂ ಹಣೆಯ ನೋವು ಹೋಗಿಲ್ಲ.

ಆದ್ದರಿಂದ ಸೋದರಿಯರೇ, ಇದೊಂದನ್ನು ಮರೆಯಬೇಡಿ. ಸರ್ಪಸುತ್ತಿಗೆ ಮಾತ್ರೆಗಳಿವೆ. ಗುಳ್ಳೆ ಎದ್ದ 72 ಗಂಟೆಗಳ ಒಳಗೆ, ಅಂದರೆ ಮೂರು ದಿನದೊಳಗೆ ಶುರು ಮಾಡಿದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಮೂರು ದಿನ ತಡವಾಯಿತೆಂದು ಮನೆಯಲ್ಲೇ ಕೂರುವುದೂ ಬೇಡ, ಆಗಲೂ ಹೋಗಲೇಬೇಕು. ಗುಳ್ಳೆಯ ನೀರು ಬಸುರಿಯರಿಗೆ, ಕೂಸುಗಳಿಗೆ ತಾಗದ ಹಾಗೆ ಬಟ್ಟೆ ಮುಚ್ಚಿಡಿ.

ಹುಷಾರಾಗಿರಬೇಕಾದ ಜೇಡಗಳೂ ಇವೆ

ಹೆದರಬೇಡಿ ಎಂದೆನೆಂದು ಎಲ್ಲ ಜೇಡವನ್ನೂ ಕೈಯಲ್ಲಿ ಹಿಡಿಯಬೇಡಿ ಮತ್ತೆ! ನೆಲದ ಬಿಲ, ಹಳೆಯ ಮರದ ಪೊಟರೆಯಲ್ಲಿ ಇರುವ, ಮೈತುಂಬ ಕೂದಲಿನ ದಪ್ಪ ಜೇಡಗಳು ಕಚ್ಚಿದರೆ ಬಹಳ ನೋವು, ಬಾವು. ಹೂಕುಂಡದ ಅಡಿ, ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ಸಿಕ್ಕುಬಲೆ ಕಟ್ಟುವ ಕಂದು ಬಣ್ಣದ ದುಂಡುಹೊಟ್ಟೆಯ ಜೇಡವೊಂದು ನಮ್ಮ ದೇಶದಲ್ಲೂ ಇದೆ. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಡಮರುಗದ ಗುರುತು, ಮೊಟ್ಟೆಯ ಉಂಡೆಗೆ ಸುತ್ತಲೂ ಮುಳ್ಳುಮುಳ್ಳು. ಇದು ನಾಚಿಕೆಯ ಜೇಡ, ಅದುಮಿದರೆ ಮಾತ್ರ ಕಚ್ಚೀತು. ಆದರೂ ದೂರವಿರುವುದು ಲೇಸು.

ಜೇಡ ಕಚ್ಚಿತು ಎನ್ನಿ. ಸಾಬೂನು ನೀರಿನಿಂದ ತೊಳೆದು ತಣ್ಣೀರು ಬಟ್ಟೆ ಇಡಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು, ದಾರ ಬಿಗಿಯುವುದು ಬೇಡವೇ ಬೇಡ. ಮೈ ಬೆವರಿ ವಾಂತಿಯಾದರೆ, ಸ್ನಾಯು ಹಿಡಿದುಕೊಂಡರೆ, ಉಸಿರಾಟ ಕಷ್ಟವಾದರೆ, ಕಚ್ಚಿದ್ದು ಚಿಕ್ಕ ಮಗುವಿಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗಾಯದ ರಕ್ತ ನಿಲ್ಲಿಸಲು ಜೇಡರಬಲೆ ಅಂಟಿಸುವ ಹಳೆಯ ರೂಢಿಯನ್ನೂ ಬಿಡಿ. ಧೂಳು ತುಂಬಿದ ಬಲೆಯಿಂದ ಗಾಯ ಕೀವಾಗಬಹುದು, ಧನುರ್ವಾಯುವಿನ ಭಯವೂ ಇದೆ.

ಮನೆಯೊಡತಿಗೆ ಕೆಲವು ಸಲಹೆಗಳು

* ಕಪ್ಪಾಗಿ ಜೋತಾಡುವ ಬಲೆ ಹೆಚ್ಚಾಗಿ ಜೇಡ ಬಿಟ್ಟುಹೋದದ್ದು, ಅದರಲ್ಲಿರುವುದು ಹೊಗೆ, ಧೂಳು ಮಾತ್ರ. ಅದನ್ನು ತಪ್ಪದೆ ತೆಗೆಯಿರಿ. ಕಸಬರಿಗೆಗೆ ಒದ್ದೆ ಬಟ್ಟೆ ಸುತ್ತಿ ತೆಗೆದರೆ ಗೋಡೆಗೆ ಕರಿ ಗೆರೆ ಬೀಳುವುದಿಲ್ಲ, ಧೂಳೂ ಹಾರುವುದಿಲ್ಲ.
* ಅಡುಗೆಮನೆ, ದೇವರ ಕೋಣೆ, ಮಲಗುವ ಕೋಣೆ ಸ್ವಚ್ಛವಿರಲಿ. ಬಚ್ಚಲು, ದನದ ಕೊಟ್ಟಿಗೆ, ಸಾಮಾನಿನ ಕೋಣೆಯ ಮೂಲೆಯಲ್ಲಿ ಕಡ್ಡಿಕಾಲಿನವರು ಒಂದಿಬ್ಬರು ಇದ್ದುಕೊಳ್ಳಲಿ ಬಿಡಿ.
* ದೊಡ್ಡ ಜೇಡ ಕಂಡರೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಗೋಡೆಗೂ ಡಬ್ಬಿಗೂ ನಡುವೆ ದಪ್ಪ ರಟ್ಟು ತೂರಿಸಿ, ಹಿತ್ತಲಿಗೆ ಒಯ್ದು ಬಿಡಿ.
* ಕಟ್ಟಿಗೆ, ಕುಳ್ಳುಗಳನ್ನು ಮನೆಯ ಗೋಡೆಗೆ ಒತ್ತಿ ಒಟ್ಟಬೇಡಿ. ತೆಗೆಯುವಾಗ ಕಡ್ಡಿಯಿಂದ ತಟ್ಟಿ ತೆಗೆಯಿರಿ, ಚೇಳಿನಿಂದಲೂ ಪಾರಾಗಬಹುದು. ಬಹಳ ದಿನ ತೂಗುಹಾಕಿದ ಬಟ್ಟೆ, ಮೂಲೆಯ ಚಪ್ಪಲಿ ಝಾಡಿಸಿಯೇ ಹಾಕಿಕೊಳ್ಳಿ.
* ಬಾಗಿಲ ಹೊರಗಿನ ದೀಪ ಬಿಳಿಯ ಬದಲು ಹಳದಿ ಬೆಳಕಿನದಾದರೆ ಹುಳು ಕಡಿಮೆ ಬರುತ್ತವೆ. ಹುಳು ಕಡಿಮೆಯಾದರೆ ಜೇಡವೂ ಕಡಿಮೆ.
* ಜೇಡಕ್ಕೆಂದು ಅಡುಗೆಮನೆಯಲ್ಲಿ ವಿಷದ ಸ್ಪ್ರೇ ಹೊಡೆಯಬೇಡಿ. ಹಿಟ್ಟಿನ ಡಬ್ಬಿ, ರೊಟ್ಟಿಯ ಬುಟ್ಟಿ, ಅಂಬೆಗಾಲಿಡುವ ಕೂಸು ಎಲ್ಲ ಅಲ್ಲೇ ಇರುತ್ತವೆ. ಹಲ್ಲಿ, ಜೇಡ ಸತ್ತರೆ ಮುಂದೆ ಹೆಚ್ಚುವುದು ಜಿರಳೆ, ಸೊಳ್ಳೆಗಳೇ.

ಜೇಡರಬಲೆ ಇದ್ದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಹಿರಿಯರು ಹೇಳಿದ್ದು ಮನೆ ಸ್ವಚ್ಛವಿರಲಿ ಎಂಬ ಒಳ್ಳೆಯ ಉದ್ದೇಶಕ್ಕೆ. ಬಲೆ ತೆಗೆಯೋಣ, ನೇಕಾರನನ್ನು ಕೊಲ್ಲುವುದು ಬೇಡ. ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದರೆ ಮೂಲೆಯಲ್ಲಿ ಜೇಡ ಹುಡುಕುತ್ತ ದಿನ ಕಳೆಯುವುದೂ ಬೇಡ. ಹೊತ್ತಿರುವಾಗಲೇ ವೈದ್ಯರಿಗೆ ತೋರಿಸಿ. ಈ ಮಾತನ್ನು ನಿಮ್ಮ ಅತ್ತೆಯವರಿಗೆ, ತವರಿನವರಿಗೆ, ನೆರೆಮನೆಯವರಿಗೆ ಇವತ್ತೇ ಹೇಳಿಬಿಡಿ, ಆಗಬಹುದಲ್ಲವೇ?